ದೋಣಿಯನ್ನು ಟ್ರೇಲರ್ ಮೇಲೆ ದೂರ ಒಯ್ಯುವುದು: ತೂಕ ಹಾಕುವಲ್ಲಿಂದ ನೀರಿಗಿಳಿಸುವವರೆಗೆ

ದೂರ ಪ್ರಯಾಣದ ನಡುವೆ ಹೆದ್ದಾರಿಯ ಅಂಚಿಗೆ ಬಂದು ನಿಂತುಬಿಡುವ ದೋಣಿ ಟ್ರೇಲರ್‌ಗಳ ಕಥೆ ಹೆಚ್ಚುಕಡಿಮೆ ಒಂದೇ. ಬೇರಿಂಗ್ ಸುಟ್ಟಿರುತ್ತದೆ, ಇಲ್ಲವೇ ಟಯರ್ ಸಿಡಿದಿರುತ್ತದೆ, ಇಲ್ಲವೇ ಕಟ್ಟಿದ ಪಟ್ಟಿ ಸಡಿಲಗೊಂಡು ದೋಣಿ ಪಕ್ಕಕ್ಕೆ ಸರಿದಿರುತ್ತದೆ. ಮೂರರ ಮೂಲವೂ ಹೊರಡುವ ಮೊದಲಿನ ದಿನಗಳಲ್ಲಿದೆ. ಆದರೂ ದೋಣಿ ಒಯ್ಯುವವರು ಕೇಳುವ ಪ್ರಶ್ನೆಗಳೆಲ್ಲ ಚಾಲನೆಯ ಬಗ್ಗೆಯೇ: ಎಷ್ಟು ವೇಗದಲ್ಲಿ ಹೋಗಬೇಕು, ಹಿಂದಕ್ಕೆ ಹೇಗೆ ತೆಗೆಯಬೇಕು.

ದೋಣಿಯ ಎಂಜಿನ್ನಿಗೆ ವರ್ಷಕ್ಕೊಮ್ಮೆ ತಪ್ಪದೆ ಸರ್ವಿಸ್ ಮಾಡಿಸುವವರು ಕೂಡ ಟ್ರೇಲರನ್ನು ಮರೆಯುತ್ತಾರೆ. ಪಾಪ, ಅದು ತಿಂಗಳುಗಟ್ಟಲೆ ಒಂದೇ ಕಡೆ ನಿಂತಿರುತ್ತದೆ, ಆಗಾಗ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಮುಳುಗುವಷ್ಟು ನೀರಿಗಿಳಿಯುತ್ತದೆ, ಆಮೇಲೆ ಒಂದು ದಿನ ಏಕಾಏಕಿ ನೂರಾರು ಕಿಲೋಮೀಟರ್ ಓಡಬೇಕಾಗುತ್ತದೆ. ಹತ್ತು ಕಿಲೋಮೀಟರ್ ಓಡಾಟದಲ್ಲಿ ಬಯಲಾಗದ ದೋಷ ಮೂರನೇ ಗಂಟೆಯ ಶಾಖದಲ್ಲಿ ಬಯಲಾಗುತ್ತದೆ.

ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ಒಟ್ಟು ತೂಕ ಗೊತ್ತಿಲ್ಲದೆ ಟಯರ್ ಸಾಕೋ ಸಾಲದೋ ಹೇಳಲಾಗದು. ಸಾಮಾನು ತುಂಬುವ ಮೊದಲೇ ಮುಂಭಾಗದ ಭಾರ ಅಳೆದರೆ ಆ ಅಂಕಿ ಸುಳ್ಳು. ಮೊದಲ ಐದು ಹಂತಗಳನ್ನು ಹೊರಡುವುದಕ್ಕೆ ಎರಡು ವಾರ ಮುಂಚೆಯೇ ಮುಗಿಸಿ. ಬಿಡಿಭಾಗ ಬೇಕಾಗಬಹುದು, ಅದು ಹಿಂದಿನ ರಾತ್ರಿ ಸಿಗುವುದಿಲ್ಲ.

ಹಂತ 1: ನಿಜವಾದ ತೂಕವನ್ನು ತಿಳಿದುಕೊಳ್ಳಿ

ದೋಣಿ ತಯಾರಕರು ಮುದ್ರಿಸುವ ತೂಕ ಸಾಮಾನ್ಯವಾಗಿ ಖಾಲಿ ಒಡಲಿನದು. ಎಷ್ಟೋ ಸಲ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂದೆ ಹೊರಗೆ ಕೂರಿಸುವ ಎಂಜಿನ್) ಕೂಡ ಅದರಲ್ಲಿ ಸೇರಿರುವುದಿಲ್ಲ. ಒಂದು ಲೆಕ್ಕ ನೋಡಿ: ಒಡಲು 900 ಕೆ.ಜಿ., ಎಂಜಿನ್ 180, ನೂರು ಲೀಟರ್ ಪೆಟ್ರೋಲ್ ಸುಮಾರು 75, ಎರಡು ಬ್ಯಾಟರಿ 50, ಲಂಗರು, ಹಗ್ಗ, ಲೈಫ್ ಜಾಕೆಟ್, ಐಸ್ ಪೆಟ್ಟಿಗೆ, ಮೀನು ಹಿಡಿಯುವ ಸರಂಜಾಮು ಎಲ್ಲ ಸೇರಿ 120, ಟ್ರೇಲರ್ 350. ಒಟ್ಟು 1,675 ಕೆ.ಜಿ. ಆಯಿತು. 900 ಎಂದು ನಂಬಿ ಹೊರಟವರು ಹೆಚ್ಚುಕಡಿಮೆ ಅದರ ಎರಡರಷ್ಟನ್ನು ಎಳೆಯುತ್ತಿರುತ್ತಾರೆ.

ಕೂಡಿ ಕಳೆಯುವುದಕ್ಕಿಂತ ವೇಬ್ರಿಡ್ಜ್‌ಗೆ (ಲಾರಿ ತೂಗುವ ಕಾಟಾಕ್ಕೆ) ಒಯ್ದು ತೂಗಿಸುವುದೇ ಮೇಲು. ಪ್ರಯಾಣಕ್ಕೆ ಹೇಗೆ ತುಂಬುತ್ತೀರೋ ಹಾಗೆಯೇ ತುಂಬಿ, ಟ್ರೇಲರನ್ನು ಮಾತ್ರ ಕಾಟಾದ ಮೇಲೆ ಬಿಟ್ಟು ವಾಹನವನ್ನು ಕಳಚಿ ಒಮ್ಮೆ ತೂಗಿಸಿ. ಜನರೂ ಸಾಮಾನೂ ಇರುವ ವಾಹನದೊಂದಿಗೆ ಜೋಡಿಸಿ ಇನ್ನೊಮ್ಮೆ ತೂಗಿಸಿ. ಮೊದಲ ಅಂಕಿಯನ್ನು ವಾಹನದ ಎಳೆಯುವ ಮಿತಿಗೆ, ಎರಡನೆಯದನ್ನು ವಾಹನ ಮತ್ತು ಟ್ರೇಲರ್ ಎರಡಕ್ಕೂ ಸೇರಿ ತಯಾರಕರು ಹೇಳುವ ಒಟ್ಟು ಮಿತಿಗೆ ಹೋಲಿಸಬೇಕು. ಹೆಚ್ಚಿನವರು ಈ ಎರಡನೆಯ ಮಿತಿಯನ್ನು ನೋಡುವುದೇ ಇಲ್ಲ. ಐದು ಮಂದಿ ಪ್ರಯಾಣಿಕರು ಕುಳಿತ ಕೂಡಲೇ ಅದು ದಾಟಿಹೋಗಿರುತ್ತದೆ.

ಹಿಚ್ (ವಾಹನದ ಹಿಂದಿರುವ ಎಳೆಯುವ ಕೊಂಡಿ), ಬಾಲ್ (ಅದರ ಮೇಲಿನ ಉಕ್ಕಿನ ಗುಂಡು), ಬಾಲ್ ಕೂರುವ ತೋಳು, ಕಪ್ಲರ್ (ಗುಂಡನ್ನು ಕಚ್ಚಿಕೊಳ್ಳುವ ಟ್ರೇಲರಿನ ಮೂತಿ), ಆಕ್ಸಲ್, ಟಯರ್ ಪ್ರತಿಯೊಂದಕ್ಕೂ ಬೇರೆ ಬೇರೆ ಮಿತಿ ಕೆತ್ತಿರುತ್ತದೆ. ಅವುಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ. ಎಳೆಯುವ ಸಾಮರ್ಥ್ಯದ ಶೇ. 80ರ ಮೇಲೆ ಹೋದರೆ ಘಾಟಿ ದಾರಿಗೆ ಆ ವಾಹನ ಬೇಡ ಎಂಬುದು ನನ್ನ ಅಭಿಪ್ರಾಯ. ಮಿತಿಯೊಳಗಿದೆ ಎಂದು ವಾದಿಸಬಹುದು. ಆದರೆ ಉದ್ದನೆಯ ಇಳಿಜಾರಿನಲ್ಲಿ ಕಾದ ಬ್ರೇಕ್ ವಾದ ಕೇಳುವುದಿಲ್ಲ.

ಇದೇ ಹೊತ್ತಿಗೆ ದೋಣಿಯ ಅಗಲ, ಎತ್ತರಗಳನ್ನೂ ಅಳೆದು ಬರೆದಿಟ್ಟುಕೊಳ್ಳಿ. ವಿಶೇಷ ಅನುಮತಿಯಿಲ್ಲದೆ ರಸ್ತೆಯಲ್ಲಿ ಒಯ್ಯಬಹುದಾದ ಅಗಲ ಬಹಳಷ್ಟು ಕಡೆ 2.5ರಿಂದ 2.6 ಮೀಟರ್ ಆಸುಪಾಸು. ಎತ್ತರದ ಅಂಕಿಯನ್ನು ಸ್ಟೇರಿಂಗ್ ಎದುರು ಅಂಟಿಸಿಡಿ. ಪೆಟ್ರೋಲ್ ಬಂಕಿನ ಚಾವಣಿಯ ಕೆಳಗೆ ನುಗ್ಗುವಾಗ ನೆನಪು ಕೈಕೊಡುತ್ತದೆ.

ಹಂತ 2: ಮುಂಭಾಗದ ಭಾರವನ್ನು ಸರಿಪಡಿಸಿ

ಟ್ರೇಲರಿನ ಮೂತಿ ಹಿಚ್ ಬಾಲ್ ಮೇಲೆ ಎಷ್ಟು ಒತ್ತುತ್ತದೆ ಎಂಬುದೇ ಮೂತಿಭಾರ. ಇದು ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಹಾವಿನಂತೆ ಹೊರಳುತ್ತದೆ. ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟೇರಿಂಗ್ ಸಡಿಲವೆನಿಸುತ್ತದೆ, ಹೆಡ್‌ಲೈಟ್ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸಾಮಾನ್ಯ ಟ್ರೇಲರ್‌ಗಳಿಗೆ ಒಟ್ಟು ತೂಕದ ಶೇ. 10ರಿಂದ 15 ಎಂಬ ಲೆಕ್ಕ ಬಳಕೆಯಲ್ಲಿದೆ. ಎಂಜಿನ್ ಹಿಂದೆ ಇರುವ ದೋಣಿಗಳ ಟ್ರೇಲರಿಗೆ ಶೇ. 5ರಿಂದ 10 ಸಾಕು ಎನ್ನುವ ತಯಾರಕರೂ ಇದ್ದಾರೆ. ನಿಮ್ಮ ಟ್ರೇಲರಿನ ಕೈಪಿಡಿ ಹೇಳಿದ್ದನ್ನೇ ಹಿಡಿಯಿರಿ. ಆ ಭಾರ ವಾಹನದ ಹಿಚ್‌ನ ಮಿತಿಯೊಳಗಿರಲೇಬೇಕು.

ಅಳೆಯಲು ಮನೆಯ ತೂಕದ ಯಂತ್ರವೇ ಸಾಕು. ಆದರೆ 150 ಕೆ.ಜಿ. ಮೀರುವ ಭಾರವನ್ನು ನೇರವಾಗಿ ಅದರ ಮೇಲೆ ಇಟ್ಟರೆ ಯಂತ್ರ ಹಾಳಾಗುತ್ತದೆ. ಗಟ್ಟಿ ಹಲಗೆಯೊಂದನ್ನು ತೆಗೆದುಕೊಂಡು ಒಂದು ತುದಿಯನ್ನು ಇಟ್ಟಿಗೆಯ ಮೇಲಿಟ್ಟ ಕಬ್ಬಿಣದ ಸರಳಿನ ಮೇಲೆ, ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲಿಟ್ಟ ಇನ್ನೊಂದು ಸರಳಿನ ಮೇಲೆ ಇಡಿ. ಎರಡು ಸರಳುಗಳ ನಡುವೆ 90 ಸೆಂ.ಮೀ. ಅಂತರವಿರಲಿ. ಇಟ್ಟಿಗೆಯ ಕಡೆಯ ಸರಳಿನಿಂದ ಸರಿಯಾಗಿ 30 ಸೆಂ.ಮೀ. ದೂರದಲ್ಲಿ ಟ್ರೇಲರಿನ ಮೂತಿಯನ್ನು ಹಲಗೆಯ ಮೇಲೆ ಇಳಿಸಿ. ಹಲಗೆಯ ಸ್ವಂತ ಭಾರವನ್ನು ಮೊದಲೇ ಕಳೆದು, ಯಂತ್ರ ತೋರಿದ ಅಂಕಿಯನ್ನು ಮೂರರಿಂದ ಗುಣಿಸಿದರೆ ಮೂತಿಭಾರ ಸಿಗುತ್ತದೆ. ಅಳೆಯುವಾಗ ಚಕ್ರಗಳಿಗೆ ಅಡ್ಡಗಟ್ಟೆ ಇರಬೇಕು. ಮೂತಿ ವಾಹನಕ್ಕೆ ಜೋಡಿಸಿದಾಗ ಇರುವ ಎತ್ತರದಲ್ಲೇ ಇರಬೇಕು.

ಕಡಿಮೆಯಿದ್ದರೆ ಮೊದಲು ಭಾರದ ಸಾಮಾನನ್ನು ದೋಣಿಯ ಮುಂದಕ್ಕೆ ಸರಿಸಿ ನೋಡಿ. ಅದರಿಂದ ಆಗದಿದ್ದರೆ ವಿಂಚ್ (ದೋಣಿಯನ್ನು ಎಳೆದು ಏರಿಸುವ ರಾಟೆ) ಕಂಬವನ್ನು ಮುಂದಕ್ಕೆ ಸರಿಸಿ ದೋಣಿಯನ್ನೇ ಮುಂದೆ ತರಬೇಕು. ಕೆಲವೇ ಸೆಂಟಿಮೀಟರ್‌ಗಳಿಂದ ಅಂಕಿ ಗಣನೀಯವಾಗಿ ಬದಲಾಗುತ್ತದೆ. ಆದರೆ ದೋಣಿಯ ಹಿಂಗೋಡೆಗೆ ಕೆಳಗಿನ ಆಧಾರ ತಪ್ಪಬಾರದು. ಎಂಜಿನ್ ಹೊತ್ತ ಹಿಂಗೋಡೆ ಆಧಾರದಿಂದಾಚೆ ಗಾಳಿಯಲ್ಲಿ ತೂಗಾಡಿದರೆ ಉದ್ದ ದಾರಿಯಲ್ಲಿ ಒಡಲಿನ ಆಕಾರವೇ ಕೆಡುತ್ತದೆ.

ಕೊನೆಗೆ ವಾಹನಕ್ಕೆ ಜೋಡಿಸಿ ದೂರದಿಂದ ನೋಡಿ. ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿ ನಿಂತಿರಬೇಕು. ಮೂತಿ ಮೇಲೆದ್ದಿದ್ದರೆ ಬಾಲ್ ಕೂರುವ ತೋಳನ್ನು ಇನ್ನಷ್ಟು ತಗ್ಗಿನದಕ್ಕೆ ಬದಲಿಸಿ.

ಹಂತ 3: ಬೇರಿಂಗ್‌ಗಳನ್ನು ಬಿಚ್ಚಿ ನೋಡಿ

ಒಂದೇ ಒಂದು ಹಂತಕ್ಕೆ ಮಾತ್ರ ಸಮಯವಿದೆ ಎಂದಾದರೆ ಇದನ್ನು ಮಾಡಿ. ದೋಣಿ ಟ್ರೇಲರಿನ ಬೇರಿಂಗ್ ಬೇರೆ ಟ್ರೇಲರ್‌ಗಳದಕ್ಕಿಂತ ಬೇಗ ಸಾಯುವುದಕ್ಕೆ ಸ್ಪಷ್ಟ ಕಾರಣವಿದೆ. ಓಡಿ ಬಂದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೆಯೇ ತಣ್ಣೀರಿಗಿಳಿಸಿದಾಗ ಗಾಳಿ ಕುಗ್ಗಿ, ಹಿಂಬದಿಯ ಸೀಲಿನ (ನೀರು ತಡೆಯುವ ರಬ್ಬರ್ ಬಳೆಯ) ಅಂಚಿನಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ನೀರು ಬೆರೆತ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಟ್ರೇಲರ್ ನಿಂತಿರುವ ತಿಂಗಳುಗಳಲ್ಲಿ ಒಳಗೆ ತುಕ್ಕು ಹಿಡಿಯುತ್ತದೆ.

ಮೊದಲು ಬಿಚ್ಚದೆಯೇ ಪರೀಕ್ಷಿಸಿ. ಚಕ್ರವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಿ. ಕೈಗೆ ಲಟಕ್ಕೆಂದು ಅಲುಗಾಟ ಸಿಕ್ಕಿದರೆ ಬೇರಿಂಗ್ ಸಡಿಲವಾಗಿದೆ ಅಥವಾ ಸವೆದಿದೆ. ಆಮೇಲೆ ಚಕ್ರವನ್ನು ತಿರುಗಿಸಿ ಕಿವಿಗೊಡಿ. ಮರಳು ಅರೆದಂಥ ಸದ್ದು ಕೇಳಿದರೆ ಬೇರಿಂಗ್ ಬದಲಿಸಲೇಬೇಕು. ಚಕ್ರದ ಒಳಬದಿಯಲ್ಲಿ ಗ್ರೀಸ್ ಚಿಮ್ಮಿದ ಗೆರೆಗಳಿದ್ದರೆ ಹಿಂಬದಿಯ ಸೀಲ್ ಹೋಗಿದೆ ಎಂದರ್ಥ.

ಯಾವ ದೋಷವೂ ಕಾಣದಿದ್ದರೂ ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ತುಂಬಬೇಕು. ಧೂಳಿನ ಮುಚ್ಚಳ, ಕಾಟರ್ ಪಿನ್ (ನಟ್ ಕಳಚದಂತೆ ತಡೆಯುವ ಪಿನ್), ನಟ್, ವಾಷರ್, ಹೊರಗಿನ ಬೇರಿಂಗ್, ಹಬ್ ಎಂಬ ಕ್ರಮದಲ್ಲಿ ಕಳಚಿ. ಎಡ ಬಲದ ಭಾಗಗಳನ್ನು ಬೆರೆಸಬೇಡಿ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು ಒಣಗಿಸಿ. ಒಣಗಿಸಲು ಕಂಪ್ರೆಸರ್ ಗಾಳಿ ಹೊಡೆದು ಬೇರಿಂಗನ್ನು ಗಿರ್ರನೆ ತಿರುಗಿಸುವ ಚಪಲ ಬೇಡ. ಎಣ್ಣೆಯಿಲ್ಲದ ರೋಲರ್‌ಗೆ ಅದರಿಂದಲೇ ಗೀರು ಬೀಳುತ್ತದೆ. ರೋಲರ್‌ಗಳ ಮೇಲೆ ನೀಲಿ ಅಥವಾ ಕಂದು ಛಾಯೆ, ಸಣ್ಣ ಗುಳಿ, ಗೀರು ಕಂಡರೆ ಬೇರಿಂಗ್ ಜೊತೆಗೆ ಅದು ಉರುಳುವ ಹೊರಬಳೆಯನ್ನೂ ಬದಲಿಸಿ. ಹೊಸ ಬೇರಿಂಗನ್ನು ಹಳೆಯ ಬಳೆಯಲ್ಲಿ ಕೂರಿಸುವುದು ದುಡ್ಡು ಉಳಿಸಿದಂತೆ ಕಾಣುತ್ತದೆ, ಬೇರಿಂಗ್ ಮಾತ್ರ ಉಳಿಯುವುದಿಲ್ಲ.

ನೀರಿಗೆ ತಡೆಯುವ ಮರೀನ್ ಗ್ರೀಸನ್ನೇ ಬಳಸಿ. ಬೇರಿಂಗಿನ ಅಗಲದ ಬದಿಯಿಂದ ಒತ್ತುತ್ತ ಹೋದಾಗ ಇನ್ನೊಂದು ಬದಿಯಲ್ಲಿ ಗ್ರೀಸ್ ಹೊರಬಂದರೆ ತುಂಬಿದೆ ಎಂದು ಲೆಕ್ಕ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬಾರದು. ಕೆಲವು ಒಂದಕ್ಕೊಂದು ಹೊಂದದೆ ತೆಳುವಾಗಿ ಸೋರಿಹೋಗುತ್ತವೆ. ಸೀಲ್ ಮತ್ತು ಕಾಟರ್ ಪಿನ್ ಪ್ರತಿ ಸಲವೂ ಹೊಸದಿರಲಿ.

ಅತಿ ಹೆಚ್ಚು ಜನ ಎಡವುವುದು ನಟ್ ಬಿಗಿಯುವಾಗ. ಹಬ್ಬನ್ನು ತಿರುಗಿಸುತ್ತ ನಟ್ ಬಿಗಿದು ಬೇರಿಂಗ್ ಕುಳಿತುಕೊಳ್ಳುವಂತೆ ಮಾಡಿ. ಆಮೇಲೆ ನಟ್ಟನ್ನು ಸಡಿಲಿಸಿ, ಬರಿ ಬೆರಳಿನಿಂದ ಎಷ್ಟು ತಿರುಗುತ್ತದೋ ಅಷ್ಟೇ ಬಿಗಿದು, ಪಿನ್ನಿನ ರಂಧ್ರಕ್ಕೆ ಹೊಂದಿಸಿ ಪಿನ್ ಹಾಕಿ. ಕೂದಲೆಳೆಯಷ್ಟು ಅಲುಗಾಟ ಇರಬೇಕಾದ್ದೇ. ಸ್ಪಾನರ್ ಹಿಡಿದು ಬಲವೆಲ್ಲ ಹಾಕಿ ಬಿಗಿದರೆ ಮೊದಲ ನೂರು ಕಿಲೋಮೀಟರ್‌ನಲ್ಲೇ ಬೇರಿಂಗ್ ಸುಡುತ್ತದೆ.

ಹಬ್ಬಿಗೆ ಸ್ಪ್ರಿಂಗ್ ಇರುವ ಗ್ರೀಸ್ ಮುಚ್ಚಳವಿದ್ದರೆ ಒಳಗಿನ ತಟ್ಟೆ ತುಸು ಹೊರಬಂದ ಕೂಡಲೇ ಗ್ರೀಸ್ ಗನ್ ನಿಲ್ಲಿಸಿ. ಇನ್ನಷ್ಟು ಒತ್ತಿದರೆ ಹಿಂದಿನ ಸೀಲ್ ಕಿತ್ತುಹೋಗಿ ಬ್ರೇಕಿಗೆ ಗ್ರೀಸ್ ಮೆತ್ತಿಕೊಳ್ಳುತ್ತದೆ. ಆ ಮುಚ್ಚಳವಿದೆಯೆಂದು ವರ್ಷದ ತಪಾಸಣೆಯನ್ನು ಬಿಡುವಂತಿಲ್ಲ. ಎಣ್ಣೆ ತುಂಬಿದ ಅಥವಾ ಮುಚ್ಚಿ ಬರುವ ಹಬ್‌ಗಳಿಗೆ ಅವುಗಳ ಕೈಪಿಡಿಯ ಕ್ರಮವೇ ಬೇರೆ.

ಹಂತ 4: ಟಯರ್ ಮತ್ತು ನಟ್

ಟ್ರೇಲರ್ ಟಯರ್ ಸವೆದು ಹಾಳಾಗುವುದು ಅಪರೂಪ; ವಯಸ್ಸಾಗಿ ಹಾಳಾಗುತ್ತದೆ. ಗೆರೆಗಳು ಹೊಸದರಂತೆ ಇರುತ್ತವೆ, ಒಳಗಿನ ರಬ್ಬರ್ ಸತ್ತಿರುತ್ತದೆ. ಬದಿಯಲ್ಲಿರುವ ದಿನಾಂಕದ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ದೂರ ಪ್ರಯಾಣಕ್ಕೆ ಬೇಡ. ಬದಿಯಲ್ಲಿ ಕೂದಲೆಳೆಯ ಬಿರುಕು, ಉಬ್ಬು ಕಂಡರೂ ಬೇಡ. ಸ್ಟೆಪ್ನಿಗೂ ಇದೇ ನಿಯಮ. ಬಿಸಿಲಲ್ಲಿ ನೇತಾಡುತ್ತಿರುವ ಸ್ಟೆಪ್ನಿ ಹೆಚ್ಚಾಗಿ ಎಲ್ಲಕ್ಕಿಂತ ಹಳೆಯದಾಗಿರುತ್ತದೆ.

ಗಾಳಿಯ ಒತ್ತಡವನ್ನು ಹೊರಡುವ ಮುಂಚೆ, ಟಯರ್ ತಣ್ಣಗಿರುವಾಗ ನೋಡಬೇಕು. ಟ್ರೇಲರಿನ ಫಲಕದಲ್ಲಿ ಬರೆದಿರುವ ಒತ್ತಡ ಕಾರಿನದಕ್ಕಿಂತ ಬಹಳ ಹೆಚ್ಚಿರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಗಾಳಿ ಕಡಿಮೆಯಾದಷ್ಟೂ ಟಯರಿನ ಬದಿ ಮಡಚಿ ಮಡಚಿ ಕಾಯುತ್ತದೆ. ಸಿಡಿಯುವುದು ಆ ಶಾಖದಿಂದ. ದಾರಿಯಲ್ಲಿ ಬಿಸಿ ಟಯರಿನ ಒತ್ತಡ ಏರಿದೆಯೆಂದು ಗಾಳಿ ಬಿಡುವುದು ಇದೇ ತಪ್ಪಿನ ಇನ್ನೊಂದು ರೂಪ. ಟ್ರೇಲರಿಗೆಂದೇ ಬರುವ ಎಷ್ಟೋ ಟಯರ್‌ಗಳ ವೇಗದ ಮಿತಿ ಗಂಟೆಗೆ 105 ಕಿ.ಮೀ. ಎಂಬುದೂ ನೆನಪಿರಲಿ.

ಚಕ್ರದ ನಟ್‌ಗಳನ್ನು ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್‌ನಿಂದ, ಎದುರುಬದುರಿನ ಕ್ರಮದಲ್ಲಿ ಬಿಗಿಯಿರಿ. ಚಕ್ರ ಬಿಚ್ಚಿ ಹಾಕಿದ್ದರೆ ಓಡಿಸಿ 80ರಿಂದ 100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಬೇಕು.

ಹಂತ 5: ಟ್ರೇಲರಿನ ಬ್ರೇಕ್

ದೋಣಿ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಇರುವುದು ದೂಡುಬಲದ ಬ್ರೇಕ್: ವಾಹನ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡವೇ ಮೂತಿಯಲ್ಲಿರುವ ಸಿಲಿಂಡರನ್ನು ತಳ್ಳಿ ಬ್ರೇಕ್ ಹಿಡಿಯುತ್ತದೆ. ದ್ರವದ ಮಟ್ಟ ನೋಡಿ, ಜಾರುವ ಭಾಗಕ್ಕೆ ತುಕ್ಕು ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಪೈಪುಗಳ ಮೇಲೆ ಕೈಯಾಡಿಸಿ ಜಿನುಗು ಇದೆಯೇ ನೋಡಿ. ಉಪ್ಪುನೀರು ಕಂಡ ಟ್ರೇಲರಿನಲ್ಲಿ ಕ್ಯಾಲಿಪರ್ (ಬ್ರೇಕ್ ಹಿಡಿಯುವ ಭಾಗ) ಅಂಟಿಕೊಂಡಿರುವುದು ಸಾಮಾನ್ಯ. ಆಗ ಒಂದು ಚಕ್ರ ಸದಾ ಅರ್ಧ ಬ್ರೇಕ್ ಹಿಡಿದೇ ಓಡುತ್ತದೆ, ಆ ಶಾಖ ಬೇರಿಂಗಿಗೂ ಹೋಗುತ್ತದೆ.

ಹಿಂದಕ್ಕೆ ತೆಗೆಯುವಾಗ, ಅದರಲ್ಲೂ ಏರಿನಲ್ಲಿ, ಈ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳಬಹುದು. ಅದನ್ನು ತಡೆಯುವ ವ್ಯವಸ್ಥೆ ಟ್ರೇಲರಿನಲ್ಲಿದೆಯೇ, ವಾಹನದ ರಿವರ್ಸ್ ದೀಪದ ತಂತಿ ಅದಕ್ಕೆ ತಲುಪುತ್ತಿದೆಯೇ ಎಂದು ಮುಂಚೆಯೇ ಪರೀಕ್ಷಿಸಿ.

ಹಂತ 6: ದೋಣಿಯನ್ನು ಖಾಲಿ ಮಾಡಿ, ಕಟ್ಟಿ

ಕೆಳತುದಿಯ ಬಿರಡೆ ತೆಗೆದು ಒಳಗಿನ ನೀರೆಲ್ಲ ಹರಿದುಹೋಗಲು ಬಿಡಿ. ಮೀನು ಇಡುವ ತೊಟ್ಟಿಯನ್ನೂ ಖಾಲಿ ಮಾಡಿ. ನೀರು ಲೀಟರಿಗೆ ಒಂದು ಕಿಲೋ. ತಳದಲ್ಲಿ ಮರೆತ ಮಳೆನೀರು ಹಂತ 1ರ ಲೆಕ್ಕವನ್ನೆಲ್ಲ ಕೆಡಿಸಬಲ್ಲದು. ಅದಕ್ಕಿಂತ ಕೆಟ್ಟದ್ದೆಂದರೆ ಬ್ರೇಕ್ ಹಾಕಿದಾಗ ಆ ನೀರು ಮುಂದಕ್ಕೂ ಏರಿನಲ್ಲಿ ಹಿಂದಕ್ಕೂ ಹರಿದು ಮೂತಿಭಾರವನ್ನು ಬದಲಿಸುತ್ತಲೇ ಇರುತ್ತದೆ. ಪ್ರಯಾಣದುದ್ದಕ್ಕೂ ಬಿರಡೆ ಹೊರಗೇ ಇರಲಿ, ಅದನ್ನು ದೋಣಿಯ ಕೀಲಿಕೈ ಗೊಂಚಲಿಗೆ ಕಟ್ಟಿಡಿ. ಹಾಗಾದರೆ ಎಂಜಿನ್ ಶುರುಮಾಡಲು ಹೋದಾಗ ಅದು ಕಣ್ಣಿಗೆ ಬೀಳುತ್ತದೆ.

ಬ್ಯಾಟರಿಯ ಸ್ವಿಚ್ ಆರಿಸಿ. ಮೆತ್ತೆ, ಬಕೆಟ್, ಹುಟ್ಟು, ಬಾವುಟದ ಕೋಲು, ಹೀಗೆ ಗಾಳಿಗೆ ಹಾರಬಲ್ಲದ್ದೆಲ್ಲ ವಾಹನದೊಳಕ್ಕೆ ಬರಲಿ. ಬಟ್ಟೆಯ ಚಾವಣಿಯನ್ನು ಮಡಚಿ ಕಟ್ಟಿ. ದಡದಲ್ಲಿ ನಿಲ್ಲಿಸಿದಾಗ ಹೊದಿಸುವ ಹೊದಿಕೆ ಹೆದ್ದಾರಿಗಲ್ಲ. ಸಡಿಲವಾಗಿ ಬಡಿಯುತ್ತ ಬಣ್ಣವನ್ನು ಉಜ್ಜಿ ಹಾಕುತ್ತದೆ, ಕೊನೆಗೆ ಹಾರಿಹೋಗಿ ಹಿಂದಿನ ವಾಹನದ ಗಾಜಿಗೆ ಬಡಿಯುತ್ತದೆ. ಸಾಗಣೆಗೆಂದೇ ಹೊಲಿದ ಹೊದಿಕೆ ಇಲ್ಲದಿದ್ದರೆ ಹೊದಿಕೆಯೇ ಬೇಡ.

ಈಗ ಕಟ್ಟುವುದು. ದೋಣಿಯ ಮೂತಿ ವಿಂಚ್ ಕಂಬದ ರಬ್ಬರಿಗೆ ಗಟ್ಟಿಯಾಗಿ ತಾಗಿರಬೇಕು. ವಿಂಚ್ ಪಟ್ಟಿ ದೋಣಿಯನ್ನು ಟ್ರೇಲರಿಗೆ ಏರಿಸುವುದಕ್ಕೆ ಇರುವಂಥದ್ದು, ಹೆದ್ದಾರಿಯಲ್ಲಿ ಹಿಡಿದಿಡುವುದಕ್ಕೆ ಅದೊಂದನ್ನೇ ನಂಬಬೇಡಿ. ಮೂತಿಯ ಕೊಂಡಿಯಿಂದ ಟ್ರೇಲರಿನ ಚೌಕಟ್ಟಿಗೆ ಪ್ರತ್ಯೇಕ ಸರಪಳಿ ಹಾಕಿ. ಹಿಂಗೋಡೆಯ ಎರಡೂ ಕೊಂಡಿಗಳಿಂದ ಚೌಕಟ್ಟಿಗೆ ಎರಡು ರ‍್ಯಾಚೆಟ್ ಪಟ್ಟಿ ಬಿಗಿಯಿರಿ. ಈ ಹಿಂದಿನ ಪಟ್ಟಿಗಳನ್ನು ಬಿಡುವವರೇ ಹೆಚ್ಚು. ಅವಿಲ್ಲದಿದ್ದರೆ ಪ್ರತಿ ಉಬ್ಬಿನಲ್ಲೂ ದೋಣಿಯ ಹಿಂಭಾಗ ಎದ್ದು ಬೀಳುತ್ತದೆ, ಬಿದ್ದಾಗಲೆಲ್ಲ ತುಸು ಹಿಂದೆ ಸರಿಯುತ್ತದೆ. ಉದ್ದನೆಯ ಪಟ್ಟಿಗೆ ಒಂದು ಸುತ್ತು ತಿರುಚು ಕೊಟ್ಟರೆ ಗಾಳಿಗೆ ಗುಂಯ್ಗುಡುವುದು ನಿಲ್ಲುತ್ತದೆ. ಪಟ್ಟಿ ಚೂಪು ಅಂಚಿಗೆ ತಾಗುವಲ್ಲಿ ರಬ್ಬರ್ ತುಂಡು ಇಡಿ. ಉಳಿದ ತುದಿಯನ್ನು ಗಂಟು ಹಾಕಿ, ಚಕ್ರಕ್ಕೆ ಸಿಗದಂತೆ ಸಿಕ್ಕಿಸಿ.

ಔಟ್‌ಬೋರ್ಡ್ ಎಂಜಿನ್ ನೆಲಕ್ಕೆ ತಾಗದಷ್ಟು ಎತ್ತಿ, ಟ್ರೇಲರಿಗೂ ಎಂಜಿನ್ನಿಗೂ ನಡುವೆ ಆನಿಸುವ ಆಧಾರಕೋಲು ಕೊಡಿ. ಎತ್ತಿ ಹಿಡಿಯುವ ಹೈಡ್ರಾಲಿಕ್ ವ್ಯವಸ್ಥೆಯನ್ನೇ ನಂಬಿ ನೂರಾರು ಕಿಲೋಮೀಟರ್ ಹೋಗುವುದು ಸರಿಯಲ್ಲ. ಪ್ರತಿ ಕುಲುಕಾಟವೂ ಹಿಂಗೋಡೆಯನ್ನು ಮೀಟುತ್ತಿರುತ್ತದೆ.

ಹಂತ 7: ವಾಹನಕ್ಕೆ ಜೋಡಿಸಿ

ಬಾಲ್‌ನ ಅಳತೆ ಕಪ್ಲರಿನ ಮೇಲೆ ಕೆತ್ತಿದ ಅಳತೆಗೆ ಸರಿಹೊಂದಲೇಬೇಕು. ಕೆಲವು ದೇಶಗಳಲ್ಲಿ 1⅞, 2, 2 5⁄16 ಇಂಚಿನ ಬಾಲ್‌ಗಳಿವೆ, ಬೇರೆ ಕಡೆ 50 ಮಿ.ಮೀ. ರೂಢಿ. ಅಪಾಯವಿರುವುದು ಚಿಕ್ಕ ಬಾಲ್ ಮೇಲೆ ದೊಡ್ಡ ಕಪ್ಲರ್ ಕೂರಿಸಿದಾಗ. ಅದು ಕೂರುತ್ತದೆ, ಚಿಲಕವೂ ಬೀಳುತ್ತದೆ, ಎಲ್ಲ ಸರಿಯಾದಂತೆ ಕಾಣುತ್ತದೆ. ಮೊದಲ ದೊಡ್ಡ ಉಬ್ಬಿನಲ್ಲಿ ಕಳಚಿ ಮೇಲೇಳುತ್ತದೆ.

1. ಕಪ್ಲರನ್ನು ಬಾಲ್ ಮೇಲೆ ಪೂರ್ತಿ ಇಳಿಸಿ, ಚಿಲಕ ಹಾಕಿ, ಚಿಲಕಕ್ಕೆ ಪಿನ್ ಅಥವಾ ಬೀಗ ಹಾಕಿ.

2. ಟ್ರೇಲರಿನ ಮುಂಭಾಗದ ಜಾಕ್ ತಿರುಗಿಸಿ ಮೂತಿಯನ್ನು ಎತ್ತಲು ನೋಡಿ. ವಾಹನದ ಹಿಂಭಾಗವೂ ಜೊತೆಗೆ ಏಳಬೇಕು. ಕಪ್ಲರ್ ಮಾತ್ರ ಮೇಲೆದ್ದು ಬಂದರೆ ಅದು ಕಚ್ಚಿಯೇ ಇರಲಿಲ್ಲ.

3. ಸುರಕ್ಷತಾ ಸರಪಳಿಗಳೆರಡನ್ನೂ ಕಪ್ಲರಿನ ಕೆಳಗೆ ಅಡ್ಡಹಾಯಿಸಿ ಕೊಂಡಿಗೆ ಹಾಕಿ. ಕಪ್ಲರ್ ಕಳಚಿದರೆ ಮೂತಿ ನೆಲಕ್ಕೆ ಕುಟ್ಟದೆ ಆ ಅಡ್ಡ ಸರಪಳಿಗಳ ಮೇಲೆ ಬೀಳುತ್ತದೆ. ತಿರುವಿಗೆ ಸಾಕಾಗುವಷ್ಟು ಸಡಿಲವಿರಬೇಕು, ರಸ್ತೆಗೆ ತಾಗಬಾರದು.

4. ಟ್ರೇಲರ್ ಕಳಚಿಹೋದರೆ ಬ್ರೇಕ್ ಹಿಡಿಸುವ ತುರ್ತು ತಂತಿಯನ್ನು ವಾಹನಕ್ಕೇ ಬೇರೆಯಾಗಿ ಸಿಕ್ಕಿಸಿ. ಅದನ್ನು ಸರಪಳಿಗೋ ಬಾಲ್ ಕೂರುವ ತೋಳಿಗೋ ಸಿಕ್ಕಿಸಿದರೆ, ತೋಳೇ ಜಾರಿ ಹೊರಬಂದಾಗ ತಂತಿಯೂ ಅದರ ಜೊತೆ ಹೋಗುತ್ತದೆ.

5. ಮುಂಭಾಗದ ಜಾಕ್ ಪೂರ್ತಿ ಮೇಲೆತ್ತಿ ಮಡಚಿ. ಮರೆತವರ ಜಾಕ್ ಚಕ್ರಗಳು ರಸ್ತೆ ಉಬ್ಬುಗಳ ಬಳಿ ಬಿದ್ದಿರುತ್ತವೆ.

6. ಕೊನೆಗೆ ಚಕ್ರದ ಅಡ್ಡಗಟ್ಟೆ ತೆಗೆಯಿರಿ. ಮೊದಲೇ ತೆಗೆಯಬೇಡಿ.

ಹಂತ 8: ದೀಪಗಳು

ವಿದ್ಯುತ್ ಪ್ಲಗ್ ಸಿಕ್ಕಿಸಿ, ಒಬ್ಬರನ್ನು ಹಿಂದೆ ನಿಲ್ಲಿಸಿ ಹಿಂದೀಪ, ಬ್ರೇಕ್ ದೀಪ, ಎರಡೂ ಇಂಡಿಕೇಟರ್ ಒಂದೊಂದಾಗಿ ನೋಡಿ. ಆಮೇಲೆ ಹೆಡ್‌ಲೈಟ್ ಹಾಕಿ, ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ, ಮೂರನ್ನೂ ಒಟ್ಟಿಗೆ ನೋಡಿ. ಒಂದೊಂದಾಗಿ ಸರಿಯಿದ್ದದ್ದು ಒಟ್ಟಿಗೆ ಹಾಕಿದಾಗ ಮಂಕಾದರೆ ಅಥವಾ ಬೇಡದ ದೀಪ ಮಿಣುಕಿದರೆ, ಬಲ್ಬ್ ಬದಲಿಸಲು ಓಡಬೇಡಿ. ಹತ್ತರಲ್ಲಿ ಒಂಬತ್ತು ಸಲ ಅದು ಅರ್ಥಿಂಗ್ ತಂತಿಯ ದೋಷ. ತಂತಿ ಚೌಕಟ್ಟಿಗೆ ಸೇರುವಲ್ಲಿ ತುಕ್ಕು ಕೆರೆದು ಮತ್ತೆ ಬಿಗಿಯಿರಿ.

ಹಂತ 9: ಜೊತೆಗಿರಬೇಕಾದ ಸರಂಜಾಮು

ಸ್ಟೆಪ್ನಿ ಇದ್ದರೆ ಸಾಲದು. ಕಾರಿನ ಜಾಕ್ ತುಂಬಿದ ಟ್ರೇಲರನ್ನು ಎತ್ತುತ್ತದೆಯೇ, ಕಾರಿನ ಸ್ಪಾನರ್ ಟ್ರೇಲರ್ ನಟ್ಟಿಗೆ ಹಿಡಿಯುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಚಕ್ರ ಬಿಚ್ಚಿ ನೋಡಿ. ಎಷ್ಟೋ ಸಲ ಎರಡೂ ಆಗುವುದಿಲ್ಲ. ಜಾಕ್ ಕೆಳಗಿಡಲು ದಪ್ಪ ಹಲಗೆ, ಚಕ್ರಕ್ಕೆ ಎರಡು ಅಡ್ಡಗಟ್ಟೆ, ಪ್ರತಿಫಲಿಸುವ ತ್ರಿಕೋನ, ತಲೆಗೆ ಕಟ್ಟುವ ಟಾರ್ಚ್, ಟಾರ್ಕ್ ರೆಂಚ್, ಗ್ರೀಸ್ ಗನ್, ಹೆಚ್ಚುವರಿ ಪಟ್ಟಿ, ಫ್ಯೂಸ್, ಬಲ್ಬ್, ಕೈಗವಸು, ಚಿಂದಿ ಬಟ್ಟೆ ಇರಲಿ.

ಎಲ್ಲಕ್ಕಿಂತ ಬೆಲೆಬಾಳುವುದು ಬೇರಿಂಗ್ ಕೂರಿಸಿ ಗ್ರೀಸ್ ತುಂಬಿ ಸಿದ್ಧವಾಗಿಟ್ಟ ಒಂದು ಹೆಚ್ಚುವರಿ ಹಬ್. ರಸ್ತೆ ಬದಿಯಲ್ಲಿ ಬೇರಿಂಗ್ ಬಳೆಯನ್ನು ಬಡಿದು ತೆಗೆಯುವುದು ಅರ್ಧ ದಿನದ ಗೋಳು. ಆಕ್ಸಲ್ ಹಾಳಾಗಿರದಿದ್ದರೆ ಹಬ್ಬನ್ನೇ ಬದಲಿಸುವುದು ಒಂದು ಗಂಟೆಯೊಳಗಿನ ಕೆಲಸ.

ಹಂತ 10: ರಸ್ತೆಯಲ್ಲಿ

ಹೊರಡುವ ಮುಂಚಿನ ದಿನಗಳಲ್ಲಿ ಖಾಲಿ ಬಯಲಿನಲ್ಲಿ ಹಿಂದಕ್ಕೆ ತೆಗೆಯುವುದನ್ನು ಅಭ್ಯಾಸ ಮಾಡಿ. ಸ್ಟೇರಿಂಗಿನ ಕೆಳತುದಿಯಲ್ಲಿ ಕೈಯಿಡಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ತುಸುವೇ ಸರಿಸಿ, ಕಾದು ನೋಡಿ. ಟ್ರೇಲರ್ ಮಡಚಿಕೊಳ್ಳತೊಡಗಿದರೆ ಸರಿಪಡಿಸಲು ಹೆಣಗದೆ ಮುಂದೆ ಹೋಗಿ ನೇರವಾಗಿಸಿ ಮತ್ತೆ ಶುರುಮಾಡಿ.

ಟ್ರೇಲರ್ ತಿರುವಿನ ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ, ಆದ್ದರಿಂದ ಮೂಲೆ ದಾಟಿ ತುಸು ಮುಂದೆ ಹೋಗಿ ತಿರುಗಿಸಿ. ಮುಂದಿನ ವಾಹನದಿಂದ ಎಂದಿನ ಅಂತರದ ಎರಡರಷ್ಟು ಬಿಡಿ. ಗಂಟೆಗೆ 80ರಿಂದ 90 ಕಿ.ಮೀ. ಮೀರಬೇಡಿ, ಸ್ಥಳೀಯ ಮಿತಿ ಇನ್ನೂ ಕಡಿಮೆಯಿದ್ದರೆ ಅದೇ ಅಂತಿಮ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಬ್ರೇಕನ್ನು ಒಂದೇ ಸಮ ಒತ್ತಿಹಿಡಿಯದೆ, ಒತ್ತಿ ವೇಗ ಇಳಿಸಿ, ಬಿಟ್ಟು ತಣಿಯಲು ಅವಕಾಶ ಕೊಡಿ.

ದೊಡ್ಡ ಲಾರಿಯೊಂದು ನಿಮ್ಮನ್ನು ದಾಟುವಾಗ ಅದರ ಗಾಳಿ ಮೊದಲು ಟ್ರೇಲರನ್ನು ಆಚೆ ತಳ್ಳಿ ಆಮೇಲೆ ತನ್ನೆಡೆಗೆ ಸೆಳೆಯುತ್ತದೆ. ಕನ್ನಡಿಯಲ್ಲಿ ಅದು ಬರುವುದನ್ನು ಕಂಡಾಗಲೇ ಸ್ಟೇರಿಂಗನ್ನು ಎರಡೂ ಕೈಗಳಲ್ಲಿ ಹಿಡಿದಿರಿ.

ಟ್ರೇಲರ್ ಓಲಾಡತೊಡಗಿದರೆ

ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೇರಿಂಗ್ ನೇರವಾಗಿ ಹಿಡಿದಿರಿ; ಓಲಾಟಕ್ಕೆ ಎದುರಾಗಿ ತಿರುಗಿಸಿದರೆ ನಿಮ್ಮ ಕೈ ಯಾವಾಗಲೂ ಒಂದು ಹೆಜ್ಜೆ ಹಿಂದಿರುವುದರಿಂದ ಓಲಾಟ ಹೆಚ್ಚುತ್ತದೆ. ವಾಹನದ ಬ್ರೇಕನ್ನು ಗಟ್ಟಿಯಾಗಿ ಒತ್ತಬೇಡಿ. ಟ್ರೇಲರಿಗೆ ಮಾತ್ರ ಬ್ರೇಕ್ ಹಿಡಿಸುವ ಕೈನಿಯಂತ್ರಣ ವಾಹನದಲ್ಲಿದ್ದರೆ ಅದನ್ನು ಮೆಲ್ಲಗೆ ಬಳಸಿ. ವೇಗ ಹೆಚ್ಚಿಸಿ ಎಳೆದು ನೇರ ಮಾಡಿ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಓಲಾಟ ನಿಂತ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಟಯರ್ ಗಾಳಿ, ಪಟ್ಟಿ, ಸಾಮಾನು ಹಿಂದೆ ಸರಿದಿದೆಯೇ ಎಂದು ನೋಡಿ. ಕಾರಣ ಸಿಗದಿದ್ದರೆ ಉಳಿದ ದಾರಿಯನ್ನು ಓಲಾಟ ಶುರುವಾದ ವೇಗಕ್ಕಿಂತ ಸಾಕಷ್ಟು ಕೆಳಗೇ ಕ್ರಮಿಸಿ.

ಹಂತ 11: ನಿಲುಗಡೆಯ ಸುತ್ತು

ಮೊದಲ ನಿಲುಗಡೆ 20 ಕಿ.ಮೀ. ಒಳಗೇ ಇರಲಿ. ಪಟ್ಟಿಗಳು ಅಷ್ಟರಲ್ಲಿ ಒಮ್ಮೆ ಸಡಿಲಾಗಿಯೇ ಆಗುತ್ತವೆ. ಆಮೇಲೆ ಸುಮಾರು 100 ಕಿ.ಮೀ.ಗೊಮ್ಮೆ. ಪ್ರತಿ ಸಲವೂ ಒಂದೇ ಕಡೆಯಿಂದ ಹೊರಟು ಸುತ್ತು ಬನ್ನಿ: ಕಪ್ಲರ್, ಸರಪಳಿ, ಪ್ಲಗ್, ವಿಂಚ್ ಪಟ್ಟಿ, ಒಂದು ಬದಿಯ ಹಬ್ ಮತ್ತು ಟಯರ್, ಹಿಂದಿನ ಪಟ್ಟಿಗಳು, ಎಂಜಿನ್ ಆಧಾರ, ಇನ್ನೊಂದು ಬದಿಯ ಹಬ್ ಮತ್ತು ಟಯರ್.

ಹಬ್ಬಿನ ಬಳಿಗೆ ಅಂಗೈಯ ಹಿಂಬದಿಯನ್ನು ಮೊದಲು ತಂದು ಶಾಖ ನೋಡಿ, ಆಮೇಲೆ ಮುಟ್ಟಿ. ಬೆಚ್ಚಗಿರುವುದು ಸಹಜ, ಬ್ರೇಕ್ ಇರುವ ಹಬ್ ಇನ್ನಷ್ಟು ಬೆಚ್ಚಗಿರುತ್ತದೆ. ಕೈಯಿಡಲಾಗದಷ್ಟು ಬಿಸಿಯಿದ್ದರೆ, ಅಥವಾ ಒಂದು ಹಬ್ ಅದರ ಜೋಡಿಗಿಂತ ಎದ್ದುಕಾಣುವಷ್ಟು ಬಿಸಿಯಿದ್ದರೆ ಮುಂದೆ ಹೋಗಬೇಡಿ. ದೂರದಿಂದ ಶಾಖ ಅಳೆಯುವ ಥರ್ಮಾಮೀಟರ್ ಇದ್ದರೆ ಅಂಕಿಗಳನ್ನು ಮೊಬೈಲಿನಲ್ಲಿ ಬರೆದಿಡಿ. ಒಂದು ನಿಲುಗಡೆಯಿಂದ ಮುಂದಿನದಕ್ಕೆ ಏರುತ್ತ ಹೋಗುವ ಹಬ್, ಮುಟ್ಟಿದಾಗ ತಿಳಿಯುವುದಕ್ಕೆ ಬಹಳ ಮುಂಚೆಯೇ ಅಲ್ಲಿ ಸಿಕ್ಕಿಬೀಳುತ್ತದೆ.

ಓಡುತ್ತಿರುವಾಗ ಗಮನಿಸಬೇಕಾದ್ದೂ ಇದೆ. ಸುಟ್ಟ ಗ್ರೀಸಿನ ವಾಸನೆ, ಹಿಂದಿನಿಂದ ಕಿರುಗುಟ್ಟುವ ಸದ್ದು, ಕನ್ನಡಿಯಲ್ಲಿ ಟ್ರೇಲರ್ ಒಂದು ಬದಿಗೆ ವಾಲಿದಂತೆ ಕಾಣುವುದು, ಹಿಂದಿನ ವಾಹನದವರು ಬೆಳಕು ಮಿಣುಕಿಸುವುದು. ಯಾವುದಾದರೊಂದು ಕಂಡರೂ ಮುಂದಿನ ಊರಿನವರೆಗೆ ಕಾಯದೆ ಆದಷ್ಟು ಬೇಗ ನಿಲ್ಲಿಸಿ. ಬೇರಿಂಗ್ ಪೂರ್ತಿ ಮುರಿದರೆ ಚಕ್ರ ಆಕ್ಸಲ್ ಬಿಟ್ಟೇ ಹೋಗುತ್ತದೆ.

ಹಂತ 12: ನೀರಿನ ಅಂಚಿನಲ್ಲಿ

ತಲುಪಿದ ಕೂಡಲೇ ಇಳಿಜಾರು ಕಟ್ಟೆಗೆ ಹೋಗಬೇಡಿ. ಪಕ್ಕದಲ್ಲಿ ನಿಲ್ಲಿಸಿ, ಹಬ್‌ಗಳು ತಣಿಯುವ ತನಕ ಕನಿಷ್ಠ ಇಪ್ಪತ್ತು ನಿಮಿಷ ಬಿಡಿ. ಕಾರಣವನ್ನು ಹಂತ 3ರಲ್ಲಿ ಹೇಳಿದೆ. ಆ ಹೊತ್ತಿನಲ್ಲಿ ಬಿರಡೆ ಹಾಕಿ, ಸಾಮಾನು ಏರಿಸಿ, ಹಿಂದಿನ ಪಟ್ಟಿಗಳನ್ನೂ ಎಂಜಿನ್ ಆಧಾರವನ್ನೂ ತೆಗೆಯಿರಿ, ವಿದ್ಯುತ್ ಪ್ಲಗ್ ಕಳಚಿ. ಬಿಸಿ ಬಲ್ಬ್ ತಣ್ಣೀರಿಗೆ ತಾಗಿದರೆ ಒಡೆಯುತ್ತದೆ. ಮೂತಿಯ ಸರಪಳಿ ಮತ್ತು ವಿಂಚ್ ಪಟ್ಟಿಯನ್ನು ಮಾತ್ರ ದೋಣಿಯ ಹಿಂಭಾಗ ನೀರಿಗೆ ತಾಗುವವರೆಗೂ ಬಿಚ್ಚಬೇಡಿ. ಜಾರುವ ರೋಲರ್‌ಗಳಿರುವ ಟ್ರೇಲರಿನಿಂದ ದೋಣಿ ಕಾಂಕ್ರೀಟಿನ ಮೇಲೆ ಇಳಿದುಬಿಡುವುದು ಈ ಅವಸರದಿಂದಲೇ.

ನೀರಿನಿಂದ ಮೇಲೆ ತಂದ ಮೇಲೆ ಒಡಲಿಗೂ ಟ್ರೇಲರಿಗೂ ಅಂಟಿದ ಕಳೆ, ಚಿಪ್ಪು, ಕೆಸರನ್ನೆಲ್ಲ ಅಲ್ಲೇ ತೆಗೆದು, ನೀರನ್ನು ಹರಿಸಿ, ಒಣಗಲು ಬಿಡಿ. ಒಂದು ಕೆರೆಯ ಜೀವಿ ಇನ್ನೊಂದಕ್ಕೆ ಸೇರದಂತೆ ತಡೆಯಲು ಕೆಲವು ಪ್ರದೇಶಗಳಲ್ಲಿ ಇದು ಕಾನೂನು, ತಪಾಸಣೆಯೂ ಇರುತ್ತದೆ. ಉಪ್ಪುನೀರಾಗಿದ್ದರೆ ಬ್ರೇಕ್, ಸ್ಪ್ರಿಂಗ್, ಚೌಕಟ್ಟನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯಿರಿ. ಮರಳಿ ಹೊರಡುವ ಮುನ್ನ ಹಂತ 3ರ ಅಲುಗಾಟದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ತಣ್ಣನೆಯ ಟಯರಿನ ಗಾಳಿ ನೋಡಿ, ಆಮೇಲೆ ಹಂತ 6ರಿಂದ 8ರವರೆಗೆ ಏನನ್ನೂ ಬಿಡದೆ ಮೊದಲಿನಿಂದ ಮಾಡಿ.